1945ರಲ್ಲೇ ಹೊಳೆದಿದ್ದ ಕನ್ನಡಕ

ಈ ವಾರ ಕೇಳಿದ ಒಂದು ಮಾತು ನನ್ನನ್ನು ಬಿಟ್ಟು ಹೋಗುತ್ತಿಲ್ಲ. ಕ್ಯಾಮೆರಾ ಅಳವಡಿಸಿದ ಕನ್ನಡಕವೊಂದರ ಪ್ರಾತ್ಯಕ್ಷಿಕೆ ನೀಡಿದ ಯುವ ಎಂಜಿನಿಯರ್ ಒಬ್ಬರು, ಇದು ಸಂಪೂರ್ಣವಾಗಿ ತಮ್ಮ ತಲೆಮಾರಿನ ಯೋಚನೆಯೆಂದೂ ಹಿಂದಿನವರಿಗೆ ಇದು ಹೊಳೆಯಲು ಸಾಧ್ಯವೇ ಇರಲಿಲ್ಲವೆಂದೂ ಹೇಳಿದರು. "ಹೊಳೆದಿತ್ತು, 1945ರಲ್ಲೇ ಹೊಳೆದಿತ್ತು" ಎಂದೆ. ಅವರು ಸ್ವಲ್ಪವೂ ವಿಚಲಿತರಾಗದೆ, "ಇರಬಹುದು ಮೇಡಂ, ಆದರೆ ಅವರು ಮಾಡಿ ತೋರಿಸಲಿಲ್ಲವಲ್ಲ" ಎಂದು ಉತ್ತರಿಸಿ ಮುಂದಿನವರ ಪ್ರಶ್ನೆಯತ್ತ ತಿರುಗಿದರು.

ನಾನು ಹೇಳಿದ್ದು ವನ್ನೆವರ್ ಬುಷ್ ಅವರ ಬಗ್ಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧಸಂಬಂಧಿ ವೈಜ್ಞಾನಿಕ ಸಂಶೋಧನೆಯ ಹೊಣೆ ಹೊತ್ತಿದ್ದ ಅವರು 1945ರ ಜುಲೈ ತಿಂಗಳ 'ಅಟ್ಲಾಂಟಿಕ್' ಪತ್ರಿಕೆಯಲ್ಲಿ 'ಆಸ್ ವಿ ಮೇ ಥಿಂಕ್' ಎಂಬ ಪ್ರಬಂಧ ಬರೆದರು. ಅದರಲ್ಲಿ ಬರುವ ಭವಿಷ್ಯದ ವಿಜ್ಞಾನಿಯ ಹಣೆಯ ಮೇಲೆ ಅಕ್ರೋಟಿಗಿಂತ ತುಸು ದೊಡ್ಡದಾದ ಕ್ಯಾಮೆರಾ ಇರುತ್ತದೆ. ಅದು ತೆಗೆಯುವ ಚಿತ್ರದ ಅಳತೆ ಮೂರು ಮಿಲಿಮೀಟರ್, ಒಳಗಿರುವ ಫಿಲ್ಮ್ ನೂರು ಚಿತ್ರಗಳಿಗೆ ಸಾಕು. ಯಾವುದು ಚಿತ್ರದೊಳಗೆ ಬೀಳುತ್ತದೆಂದು ತಿಳಿಯಲು ಕನ್ನಡಕದ ಗಾಜಿನಲ್ಲೇ ಸಣ್ಣ ಗೆರೆಗಳ ಚೌಕವೊಂದಿದೆ. ಅಂಗಿಯ ತೋಳಿನೊಳಗಿಂದ ಬೆರಳಿನವರೆಗೆ ಇಳಿದಿರುವ ತಂತಿಯನ್ನು ಅದುಮಿದರೆ ಚಿತ್ರ ಸೆರೆಯಾಗುತ್ತದೆ. ಡಿಜಿಟಲ್ ಕ್ಯಾಮೆರಾದ ಕಲ್ಪನೆ ಅವರಿಗಿರಲಿಲ್ಲ ಎಂಬುದು ನಿಜ. ಆದರೆ ನೋಡುವ ಕಣ್ಣಿನ ಪಕ್ಕದಲ್ಲೇ ದಾಖಲೆಯ ಕಣ್ಣೂ ಇರಬೇಕು, ಕೈ ಕೆಲಸಕ್ಕೆ ಬಿಡುವಾಗಿರಬೇಕು ಎಂಬ ಮೂಲ ವಿಚಾರ ಅಲ್ಲಿ ಪೂರ್ತಿಯಾಗಿ ಇದೆ.

"ಮಾಡಿ ತೋರಿಸಲಿಲ್ಲವಲ್ಲ." ಈ ಮಾತಿಗೆ ಉತ್ತರ ಅದೇ ಪ್ರಬಂಧದಲ್ಲಿದೆ ಎಂಬುದು ಮನೆಗೆ ಬಂದು ಅದನ್ನು ಮತ್ತೆ ಓದಿದಾಗ ಹೊಸದಾಗಿ ತಟ್ಟಿತು. ಹದಿನೇಳನೆಯ ಶತಮಾನದ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ರೂಪಿಸಿದ ಲೆಕ್ಕದ ಯಂತ್ರ ಅವರ ಕಾಲದಲ್ಲಿ ಬಳಕೆಗೆ ಬಾರದಿದ್ದುದನ್ನು, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಲೆಕ್ಕದ ಯಂತ್ರ ಪೂರ್ಣಗೊಳ್ಳದೆ ಉಳಿದುದನ್ನು ಬುಷ್ ಅಲ್ಲಿ ನೆನೆಯುತ್ತಾರೆ. ವಿಚಾರಗಳು ಗಟ್ಟಿಯಾಗಿಯೇ ಇದ್ದವು. ಅಂಥ ಯಂತ್ರಗಳನ್ನು ಕಟ್ಟುವ ಖರ್ಚನ್ನು ಆ ಕಾಲಕ್ಕೆ ಭರಿಸಲಾಗುತ್ತಿರಲಿಲ್ಲ ಎಂಬುದು ಅವರ ವಾದ. ಮೆಂಡಲ್ ಅವರ ಆನುವಂಶಿಕತೆಯ ನಿಯಮಗಳು ಅರ್ಥಮಾಡಿಕೊಳ್ಳಬಲ್ಲವರ ಕೈಗೆ ತಲುಪದೆ ಒಂದು ತಲೆಮಾರಿನಷ್ಟು ಕಾಲ ಕಳೆದುಹೋಗಿದ್ದನ್ನೂ ಅವರು ಹೇಳುತ್ತಾರೆ. ಆಗಲೇ ಯೋಚಿಸಿದ್ದು ಹುಡುಕಿದಾಗ ಸಿಗದೆ ಹೋಗುವ ನಷ್ಟವೇ ಆ ಬರಹವನ್ನು ಬರೆಸಿದ ಸಂಕಟ. ಅಂಥ ಬರಹದೊಳಗಿನ ಕಲ್ಪನೆಯೇ ಇಂದು ಹಿಂದಿನವರಿಗೆ ಹೊಳೆದಿರಲಾರದೆಂಬ ಮಾತಿನೊಂದಿಗೆ ಮಾರುಕಟ್ಟೆಗೆ ಹೊರಡುವುದು ನನಗೆ ನಿಜಕ್ಕೂ ನೋವು ತಂದಿತು.

ಮಾಡಿ ತೋರಿಸದವರ ಕಲ್ಪನೆಯಿಂದ ಏನೂ ಆಗುವುದಿಲ್ಲ ಎಂಬ ಧ್ವನಿಯೂ ಆ ಉತ್ತರದಲ್ಲಿತ್ತು, ಅದನ್ನಂತೂ ನಾನು ಒಪ್ಪಲಾರೆ. ಯುದ್ಧ ಮುಗಿದ ಹೊಸತರಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಡಗ್ಲಸ್ ಎಂಗೆಲ್ಬಾರ್ಟ್ ಎಂಬ ಅಮೆರಿಕದ ನೌಕಾಪಡೆಯ ರೇಡಾರ್ ತಂತ್ರಜ್ಞ ಬುಷ್ ಅವರ ಬರಹವನ್ನು ಓದಿದರು. ಅದೇ ಎಂಗೆಲ್ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್, ಪರಸ್ಪರ ಕೊಂಡಿಗಳಿರುವ ಪಠ್ಯ, ಪರದೆಯ ಮೇಲೆ ದೂರದ ಸಹೋದ್ಯೋಗಿಯ ಮುಖ, ಇವೆಲ್ಲವನ್ನೂ ಒಂದೇ ವೇದಿಕೆಯಿಂದ ತೋರಿಸಿದರು. ಅದಕ್ಕೂ ಮೊದಲು, 1962ರಲ್ಲಿ, ಅವರು ಬುಷ್ ಅವರಿಗೆ ಪತ್ರ ಬರೆದು ಆ ಪ್ರಬಂಧ ತಮ್ಮ ಮೇಲೆ ಬೀರಿದ ಪ್ರಭಾವವನ್ನು ತಿಳಿಸಿ, ಅದರ ಭಾಗಗಳನ್ನು ಬಳಸಿಕೊಳ್ಳಲು ಅನುಮತಿ ಕೇಳಿದ್ದರು. ಹಾಗೆ ಋಣ ಒಪ್ಪಿಕೊಂಡದ್ದರಿಂದ ಎಂಗೆಲ್ಬಾರ್ಟ್ ಅವರ ಸಾಧನೆ ಎಳ್ಳಷ್ಟೂ ಕಿರಿದಾಗಲಿಲ್ಲ.

ಮಾಡಿ ತೋರಿಸಿದವರನ್ನಾದರೂ ನಾವು ನೆನೆಯುತ್ತೇವೆಯೇ ಎಂದರೆ ಅದೂ ಇಲ್ಲ. ಕಂಪ್ಯೂಟರ್ ಬರೆದ ಗೆರೆಗಳನ್ನು ಕಣ್ಣೆದುರಿನ ಕೋಣೆಯ ಮೇಲೆಯೇ ಮೂಡಿಸುವ, ತಲೆಗೆ ಧರಿಸುವ ಸಾಧನವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲ್ಯಾಂಡ್ 1968ರಲ್ಲೇ ಕಟ್ಟಿದ್ದರು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನ ಮುಖ ನೋಡುತ್ತಾ ಮಾತನಾಡಿದ 'ಪಿಕ್ಚರ್‌ಫೋನ್' 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ವಾಣಿಜ್ಯ ಸೇವೆಯಾಗಿಯೂ ಆರಂಭವಾಯಿತು, ದುಬಾರಿಯಾಗಿದ್ದ ಕಾರಣ ನಿರೀಕ್ಷಿಸಿದಷ್ಟು ಗ್ರಾಹಕರು ಸಿಗದೆ ನಿಂತುಹೋಯಿತು. ಅದಕ್ಕೂ ಬಹಳ ಹಿಂದೆ, 1909ರಲ್ಲಿ, ಇ. ಎಂ. ಫಾರ್ಸ್ಟರ್ ಅವರ 'ದಿ ಮಷೀನ್ ಸ್ಟಾಪ್ಸ್' ಕಥೆಯಲ್ಲಿ ಭೂಮಿಯ ಆಚೆ ಬದಿಯಲ್ಲಿರುವ ಮಗ ತಾಯಿಯೊಡನೆ ದುಂಡನೆಯ ಫಲಕದ ಮೂಲಕ ಮಾತನಾಡುತ್ತಾನೆ; ಫಲಕದಲ್ಲಿ ಕಾಣುತ್ತಿರುವುದು ನಿನ್ನಂಥದ್ದೇನೋ ಹೊರತು ನೀನಲ್ಲ ಎಂದು ಬೇಸರಪಡುತ್ತಾನೆ. ವಿಡಿಯೋ ಕರೆಯನ್ನು ಕಲ್ಪಿಸಿದ ಕಥೆಯೇ ಅದರ ಕೊರತೆಯನ್ನೂ ಕಂಡಿತ್ತು. ಹಳೆಯ ಕಲ್ಪನೆಗಳನ್ನು ಓದಬೇಕೆಂದು ನಾನು ಒತ್ತಾಯಿಸುವುದು ಮುಖ್ಯವಾಗಿ ಈ ಕಾರಣಕ್ಕೆ: ಯಂತ್ರದೊಡನೆ ಬದುಕುವ ಮನುಷ್ಯರ ಪ್ರಶ್ನೆ ಅಲ್ಲಿ ಯಂತ್ರಕ್ಕಿಂತ ಮೊದಲೇ ಎದ್ದಿರುತ್ತದೆ.

ಆ ಯುವಕನ ಬಗ್ಗೆ ನನಗೆ ಅಸಮಾಧಾನವಿಲ್ಲ. ಆತ ಶ್ರಮಜೀವಿ, ತನ್ನ ಸಾಧನದ ಒಂದೊಂದು ಭಾಗವನ್ನೂ ಬಲ್ಲವರು. ಅಷ್ಟು ಹಗುರವಾದ ಚೌಕಟ್ಟಿನೊಳಗೆ ಬ್ಯಾಟರಿಯನ್ನೂ ಲೆನ್ಸನ್ನೂ ಕೂರಿಸುವುದು ಸಣ್ಣ ಕೆಲಸವಲ್ಲ. ಹೂಡಿಕೆದಾರರ ಮುಂದೆ ನಿಲ್ಲುವವರಿಗೆ "ನಾವೇ ಮೊದಲು" ಎನ್ನಲು ಕಲಿಸಿದವರ ಮೇಲೆ ನನಗೆ ಹೆಚ್ಚು ಬೇಸರವಿದೆ. ಬುಷ್ ಅವರ ಪ್ರಬಂಧವನ್ನು ಆತನಿಗೆ ಕಳುಹಿಸಿದ್ದೇನೆ, ಜೊತೆಗೆ ಒಂದು ಪ್ರಶ್ನೆಯನ್ನೂ ಬರೆದಿದ್ದೇನೆ: ಬುಷ್ ಅವರ ಕ್ಯಾಮೆರಾ ಪ್ರಯೋಗಾಲಯದಲ್ಲಿ ವಸ್ತುಗಳ ಮುಂದೆ ನಿಂತಿತ್ತು, ನಿಮ್ಮದು ಮನುಷ್ಯರ ಮುಂದೆ ನಿಲ್ಲುತ್ತದೆ, ಎದುರಿಗಿರುವವರು ಬೇಡವೆಂದರೆ ಅದನ್ನು ನಿಮ್ಮ ಕನ್ನಡಕ ಹೇಗೆ ತಿಳಿದುಕೊಳ್ಳುತ್ತದೆ?