ಡಿಕ್ಕಿಗೆ ಹಾಕಿದ ಬ್ಯಾಗು ‘ಕಳೆದುಹೋಗಿದೆ’ ಅಂತ ಬರೆಯಬೇಡಿ

ರಾತ್ರಿ ಬಸ್ಸಿನಿಂದ ಬೆಳಗಿನ ಜಾವ ಇಳಿದು ಡಿಕ್ಕಿ ತೆಗೆಸಿದರೆ ನಿಮ್ಮ ಬ್ಯಾಗೇ ಇಲ್ಲ. ಆಗ ದೂರು ಬರೆಯಲು ಕೂತವರು ಸಾಮಾನ್ಯವಾಗಿ ಬರೆಯುವ ಮೊದಲ ಸಾಲು: ‘ನನ್ನ ಬ್ಯಾಗು ಕಳೆದುಹೋಗಿರುತ್ತದೆ.’ ಮುಂದೆ ಪರಿಹಾರ ಕೇಳುವಾಗ ಈ ಸಾಲೇ ತಿರುಗಿ ಕಚ್ಚುತ್ತದೆ. ಕಳೆದುಕೊಂಡವರು ನೀವು, ಕಂಪನಿಗೇನು ಸಂಬಂಧ ಎಂದು ಎದುರಿನವರು ವಾದಿಸಲು ನೀವೇ ದಾರಿ ಮಾಡಿಕೊಟ್ಟಂತೆ.

ಆದದ್ದನ್ನು ಆದಂತೆ ಬರೆಯಿರಿ: ‘ಇಂಥ ಜಾಗದಲ್ಲಿ, ಇಷ್ಟು ಗಂಟೆಗೆ ಬಸ್ಸಿನ ಸಿಬ್ಬಂದಿಗೆ ಬ್ಯಾಗು ಒಪ್ಪಿಸಿದೆ, ಇಳಿದಾಗ ವಾಪಸ್ ಕೊಟ್ಟಿಲ್ಲ.’ 1872ರ ಕರಾರು ಕಾಯ್ದೆಯಲ್ಲಿ ಇದಕ್ಕೆ ಬೇಲ್‌ಮೆಂಟ್ ಎನ್ನುತ್ತಾರೆ. ಒಪ್ಪಿಸಿಕೊಂಡವರು, ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಕಲಂ. ಒಪ್ಪಿಸಿದ್ದು ರುಜುವಾತಾದರೆ, ಜೋಪಾನ ಮಾಡಿದ್ದೆವು ಎಂದು ತೋರಿಸುವ ಹೊರೆ ಅವರ ಮೇಲೆ ಬೀಳುತ್ತದೆ. ಸೀಟಿನ ಮೇಲಿನ ರ್‍ಯಾಕಿನಲ್ಲಿ ನೀವೇ ಇಟ್ಟ ಬ್ಯಾಗಿನ ಲೆಕ್ಕ ಬೇರೆ. ಅದನ್ನು ಯಾರಿಗೂ ಒಪ್ಪಿಸಿರುವುದಿಲ್ಲ, ಹಾಗಾಗಿ ಪರಿಹಾರ ಸಿಗುವುದು ಕಷ್ಟ.

ಒಪ್ಪಿಸಿದ್ದಕ್ಕೆ ಸಾಕ್ಷಿ ಅಂದರೆ ಟ್ಯಾಗು. ನಂಬರಿರುವ ಚೀಟಿಯ ಒಂದು ತುಂಡು ಬ್ಯಾಗಿಗೆ, ಇನ್ನೊಂದು ನಿಮ್ಮ ಕೈಗೆ ಬರಬೇಕು. ‘ಬಿಡಿ ಸಾರ್, ಏನೂ ಆಗಲ್ಲ’ ಅಂತ ಕ್ಲೀನರ್ ಬ್ಯಾಗು ಎಸೆದು ಮುಚ್ಚುವ ಮೊದಲು ಒಂದು ಫೋಟೋ ಹೊಡೆಯಿರಿ: ಡಿಕ್ಕಿಯೊಳಗೆ ನಿಮ್ಮ ಬ್ಯಾಗು, ಪಕ್ಕದಲ್ಲಿ ಬಸ್ಸಿನ ನಂಬರು. ಎರಡೂ ಒಂದೇ ಚೌಕಟ್ಟಿನಲ್ಲಿ ಬರದಿದ್ದರೆ ಹತ್ತು ಸೆಕೆಂಡಿನ ವಿಡಿಯೊ ಸಾಕು. ಸರ್ಕಾರಿ ಬಸ್ಸಿನಲ್ಲಿ ಲಗೇಜ್ ಟಿಕೆಟ್ ತೆಗೆಸಿದ್ದರೆ ಅದೇ ದಾಖಲೆ. ಕಂಡಕ್ಟರ್ ಮಷಿನ್ನಿನ ಟಿಕೆಟ್ಟು ಕೆಲವೇ ವಾರದಲ್ಲಿ ಬಿಳಿಚಿಕೊಳ್ಳುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಬ್ಯಾಗು ಕಾಣದಿದ್ದಾಗ ಮೊದಲು ಡಿಕ್ಕಿಯಲ್ಲಿ ಉಳಿದಿರುವ ಬ್ಯಾಗುಗಳನ್ನು ನೋಡಿ. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಎಂದು ನಡುರಾತ್ರಿ ಜನ ಇಳಿಯುತ್ತಲೇ ಇರುತ್ತಾರೆ. ನಿದ್ದೆಗಣ್ಣಿನಲ್ಲಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಕಪ್ಪು ಟ್ರಾಲಿಗಳೆಲ್ಲ ಒಂದೇ ಥರ. ವಾರಸುದಾರರಿಲ್ಲದ ಅಂಥದೇ ಬ್ಯಾಗೊಂದು ಉಳಿದಿದ್ದರೆ ಅದು ಕಳ್ಳತನವಲ್ಲ, ಅದಲುಬದಲು. ಪ್ರಯಾಣಿಕರ ಪಟ್ಟಿ ಹಿಡಿದು ಮೊದಲೇ ಇಳಿದವರಿಗೆಲ್ಲ ಫೋನ್ ಮಾಡಿಸಿ. ಉಳಿದ ಬ್ಯಾಗನ್ನು ಮಾತ್ರ ಮನೆಗೆ ಒಯ್ಯಬೇಡಿ, ನೀವೇ ಆರೋಪಿಯಾದೀರಿ.

ಅಲ್ಲಿಂದ ಹೊರಡುವ ಮುಂಚೆ ಬಸ್ ನಂಬರು, ಡ್ರೈವರ್ ಮತ್ತು ಕ್ಲೀನರ್ ಹೆಸರು ಬರೆದುಕೊಳ್ಳಿ. ಸರ್ಕಾರಿ ಬಸ್ಸಾದರೆ ನಿಲ್ದಾಣದ ಸಂಚಾರ ನಿಯಂತ್ರಕರಿಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಖಾಸಗಿಯಾದರೆ ಅವತ್ತೇ ಇ-ಮೇಲ್. ನಿಲ್ದಾಣ, ಊಟದ ಹೋಟೆಲ್, ಬಸ್ಸಿನೊಳಗಿನ ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಎಂದು ಅದರಲ್ಲೇ ಕೇಳಿ. ಆ ರೆಕಾರ್ಡಿಂಗಿನ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ, ತಡವಾದರೆ ಏನೂ ಉಳಿಯುವುದಿಲ್ಲ.

ಪೊಲೀಸ್ ದೂರಿನಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ‘ಕಳುವಾದದ್ದು ದಾವಣಗೆರೆಯಲ್ಲಿ, ಅಲ್ಲಿಗೇ ಹೋಗಿ’ ಎಂಬ ಮಾತು ಕೇಳಿ ವಾಪಸಾಗುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿದ್ದರೂ ನೀವಿರುವ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಇನ್ನೊಂದು, ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ಸ್ವೀಕೃತಿ ತೆಗೆದು ಕೆಲಸ ಮುಗಿಯಿತು ಅಂದುಕೊಳ್ಳುವುದು. ಅದು ಕಳೆದುಹೋದ ವಸ್ತುಗಳಿಗೆ ಮಾತ್ರ, ಕಳವಿಗಲ್ಲ. ಮತ್ತೆ ಅದೇ ‘ಕಳೆದುಹೋಗಿದೆ’!

ಬ್ಯಾಗಿನೊಳಗೆ ಏನಿತ್ತು ಎನ್ನುವುದೇ ಹೆಚ್ಚಿನ ಕೇಸುಗಳು ಸೊರಗುವ ಜಾಗ. ಪಟ್ಟಿ ಹೀಗಿರಲಿ: ಲ್ಯಾಪ್‌ಟಾಪ್, ಸೀರಿಯಲ್ ನಂಬರು, ಕೊಂಡ ವರ್ಷ, ಬಿಲ್ಲಿನ ಮೊತ್ತ; ಸೀರೆ 3, ಕಾರ್ಡಿನಲ್ಲಿ ಪಾವತಿಸಿದ ಸ್ಟೇಟ್‌ಮೆಂಟ್. ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಹೊಸದರ ಬೆಲೆ ಹಾಕಿದರೆ ಉಳಿದ ಪಟ್ಟಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಒಡವೆ, ನಗದು ಡಿಕ್ಕಿಯಲ್ಲಿತ್ತು ಎಂದರೆ ನಂಬಿಸುವುದು ಬಹಳ ಕಷ್ಟ. ಅದನ್ನು ಅಲ್ಲಿ ಇಟ್ಟಿದ್ದೇಕೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇಲ್ಲ.

ನಂತರ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ, ಆದರೆ ಅವರು ಕೊಡುವ ಉತ್ತರ ಮುಂದೆ ನಿಮಗೇ ಉಪಯೋಗಕ್ಕೆ ಬರುತ್ತದೆ. ಟಿಕೆಟ್ ಆ್ಯಪ್‌ನಲ್ಲಿ ತೆಗೆದಿದ್ದರೆ ಇಬ್ಬರ ಹೆಸರೂ ಇರಲಿ. ಇಲ್ಲದಿದ್ದರೆ ‘ನಾವು ಬರೀ ಮಧ್ಯವರ್ತಿ’ ಎಂದು ಆ್ಯಪ್‌ನವರು, ‘ಬುಕಿಂಗ್ ಅವರದು’ ಎಂದು ಬಸ್ಸಿನವರು ಚೆಂಡಾಟ ಆಡಿಸುತ್ತಾರೆ. ಟಿಕೆಟ್ಟಿನ ಹಿಂದೆ ‘ಲಗೇಜಿಗೆ ನಾವು ಜವಾಬ್ದಾರರಲ್ಲ’ ಎಂದು ಮುದ್ರಿಸಿದ್ದನ್ನು ನೋಡಿ ಹೆದರಿ ಕೂರಬೇಡಿ. ನಿರ್ಲಕ್ಷ್ಯ ಸಾಬೀತಾದರೆ ಆ ಸಾಲೊಂದೇ ಅವರನ್ನು ಕಾಪಾಡುವುದಿಲ್ಲ.

ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಹಣದ ಮೇಲೆ. ಟಿಕೆಟ್ 1,400 ರೂಪಾಯಿ, ಹೋದದ್ದು ಎರಡು ಲಕ್ಷದ ಸಾಮಾನು ಎಂದಾದರೂ ಶುಲ್ಕ ಸೊನ್ನೆ, ಏಕೆಂದರೆ 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರಿಲ್ಲದೆ ಇ-ಜಾಗೃತಿ ಪೋರ್ಟಲ್‌ನಲ್ಲಿ ನೀವೇ ಸಲ್ಲಿಸಬಹುದು. ವಸ್ತುಗಳ ಬೆಲೆ, ಬಡ್ಡಿ, ಮಾನಸಿಕ ಯಾತನೆ, ಕೇಸಿನ ಖರ್ಚು, ಇವನ್ನು ಬೇರೆ ಬೇರೆಯಾಗಿ ಕೇಳಿ. ಆಯೋಗದ ನೋಟಿಸ್ ಮುಟ್ಟಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಆದೇಶ ನಿಮ್ಮ ಪರ ಬಂದರೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು ಅವರು ಅರ್ಧ ಮೊತ್ತ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ.