ಮೂರು ಥರ್ಮಾಮೀಟರ್, ಒಂದು ಡ್ರಾಯರ್

ರಾತ್ರಿ ಎರಡು ಗಂಟೆಗೆ ಮಗಳು ನರಳಿದ ಸದ್ದಿಗೆ ಎಚ್ಚರವಾಯಿತು. ಹಣೆ ಮುಟ್ಟಿದರೆ ಕೆಂಡ. ಮನೆಯಲ್ಲಿ ಮೂರು ಥರ್ಮಾಮೀಟರ್ ಇದ್ದದ್ದು ಚೆನ್ನಾಗಿ ನೆನಪಿತ್ತು. ಆದರೆ ಎಲ್ಲಿ? ಹಾಲ್‌ನ ಡ್ರಾಯರ್ ಎಳೆದೆ, ಒಳಗೇನೋ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಕೈ ತೂರಿಸಿ ತಡಕಿದೆ. ವೈರು, ಚೀಟಿ, ಯಾವುದೋ ಡಬ್ಬಿಯ ಮುಚ್ಚಳ. ಇಪ್ಪತ್ತು ನಿಮಿಷ ಹುಡುಕಾಡಿ, ಕೊನೆಗೆ ಒದ್ದೆ ಬಟ್ಟೆ ಹಿಂಡಿಕೊಂಡು ಅವಳ ಪಕ್ಕ ಕೂತೆ. ಬೆಳಗಿನ ಜಾವಕ್ಕೆ ಜ್ವರ ಇಳಿಯಿತು. ನನ್ನ ಸಂಕಟ ಇಳಿಯಲಿಲ್ಲ.

ಆ ಭಾನುವಾರ ಡ್ರಾಯರನ್ನೇ ಹೊರಗೆಳೆದು ಹಳೇ ಪೇಪರ್ ಮೇಲೆ ಬೋರಲು ಹಾಕಿದೆ.

ಈಗ ನಮ್ಮಲ್ಲಿಲ್ಲದ ಫೋನುಗಳ ಐದು ಚಾರ್ಜರ್. ವಾರಂಟಿಗೆ ಬೇಕಾದೀತು ಅಂತ ಜೋಪಾನ ಮಾಡಿದ ಬಿಲ್ಲುಗಳು. ಒಂದರಲ್ಲೂ ಅಕ್ಷರ ಉಳಿದಿಲ್ಲ. ಆ ಕಾಗದಕ್ಕೆ ಶಾಯಿಯೇ ಇಲ್ಲ, ಶಾಖ ತಾಗಿದ ಕಡೆ ಕಪ್ಪಾಗುವ ಲೇಪ ಅಷ್ಟೇ. ವರ್ಷಗಳು ಕಳೆದಂತೆ ಅದು ಮಾಸಿಹೋಗುತ್ತದೆ. ಅಡಿಯಲ್ಲಿ ಒಂದು ಟಾರ್ಚ್. ಹಿಂದಿನ ಮುಚ್ಚಳ ತಿರುಗಿಸಿದರೆ ಬರಲೊಲ್ಲದು. ಬಲ ಹಾಕಿ ತೆಗೆದಾಗ ಬಿಳಿ ಪುಡಿ ಉದುರಿತು. ಆಲ್ಕಲೈನ್ ಸೆಲ್ಲಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಗಾಳಿಗೆ ಹಾಗೆ ಗಟ್ಟಿಯಾಗಿತ್ತು. ಒಳಗಿನ ಸ್ಪ್ರಿಂಗು ಪೂರ್ತಿ ತಿಂದುಹೋಗಿತ್ತು. ಕರೆಂಟ್ ಹೋದಾಗ ಇರಲಿ ಅಂತಲೇ ಇಟ್ಟಿದ್ದ ಟಾರ್ಚ್ ಅದು. ಬೇಕಾದಾಗ ಇರಲಿ ಅಂತ ಇಟ್ಟದ್ದೆಲ್ಲ ಬೇಕಾದಾಗ ಇರುವುದಿಲ್ಲ ಅನ್ನುವುದು ನನಗೆ ಆ ಪುಡಿ ನೋಡಿದಾಗ ನಾಟಿತು.

ಮೂರು ಥರ್ಮಾಮೀಟರೂ ಸಿಕ್ಕವು. ಒಂದರ ಬ್ಯಾಟರಿ ಸತ್ತಿತ್ತು. ಇನ್ನೊಂದು ಸರಿಯಾಗಿತ್ತು, ಪೊಟ್ಟಣವನ್ನೇ ಒಡೆದಿರಲಿಲ್ಲ. ಮೂರನೆಯದು ಪಾದರಸದ ಗಾಜಿನದು. ಪಾದರಸ ನರಮಂಡಲಕ್ಕೆ ವಿಷ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದ ಇಂಥವುಗಳ ತಯಾರಿಕೆ ನಿಲ್ಲಿಸಲು 2020ರ ಗಡುವು ಹಾಕಿತ್ತು. ಅದನ್ನು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಸೋರಿದ ಸೆಲ್ಲುಗಳ ಜೊತೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಮುಟ್ಟಿಸಿದೆ. ಬಿಡುವುದಕ್ಕೂ ಇಷ್ಟು ಜವಾಬ್ದಾರಿ ಇರುತ್ತದೆ, ಮನೆಗೆ ತರುವಾಗ ಅದನ್ನು ಯಾರು ಯೋಚಿಸುತ್ತಾರೆ?

ಚಾರ್ಜರ್ ಕೊಡುವುದು ಸುಲಭವಾಗಿತ್ತು. ಕೈ ನಿಂತದ್ದು ಅಮ್ಮನ ಕನ್ನಡಕಗಳ ಹತ್ತಿರ.

ಮೂರು ಜೊತೆ. ಅಮ್ಮ ಹೋಗಿ ಆರು ವರ್ಷ. ಒಂದರ ಕಡ್ಡಿ ಮುರಿದು, ಕರೀ ದಾರ ಸುತ್ತಿ ಗಂಟು ಹಾಕಿಕೊಂಡಿದ್ದಳು. ಮೂಗಿನ ಮೇಲೆ ಕೂರುವ ಕಡೆ ಪ್ಲಾಸ್ಟಿಕ್ ಹಳದಿಗಟ್ಟಿತ್ತು. 1990ರಲ್ಲಿ ಕಾಹ್ನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ಒಂದು ಪ್ರಯೋಗದಲ್ಲಿ ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟು ಬೆಲೆ ಕೇಳಿದ್ದರು. ಆಗಷ್ಟೇ ಕೈಗೆ ಬಂದ ಮಗ್ಗಿಗೆ ಅದು ಸಿಕ್ಕವರು, ಕೊಳ್ಳುವವರು ಕೊಡಲೊಪ್ಪಿದ್ದರ ಸುಮಾರು ಎರಡು ಪಟ್ಟು ಕೇಳಿದರಂತೆ. ಮಗ್ಗಿಗೇ ಹಾಗಾದರೆ ಅಮ್ಮನ ಮುಖದ ಮೇಲಿದ್ದದ್ದಕ್ಕೆ? ಬಹಳ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ದಾರ ಸುತ್ತಿದ್ದನ್ನು ಇಟ್ಟುಕೊಂಡು, ಉಳಿದೆರಡನ್ನು ಹಳೇ ಕನ್ನಡಕ ಸಂಗ್ರಹಿಸುವವರಿಗೆ ಕೊಟ್ಟೆ. ಯಾರ ಕಣ್ಣಿಗಾದರೂ ಹೊಂದೀತು. ಮೂರೂ ರಾಶಿಯಡಿಯಲ್ಲಿದ್ದಾಗ ಒಂದನ್ನೂ ನೋಡುತ್ತಿರಲಿಲ್ಲ. ಈಗ ಆ ಒಂದು ಕನ್ನಡಕ ನಾನು ದಿನಾ ಕೂರುವ ಮೇಜಿನ ಮೇಲಿದೆ.

ಜೈನರಲ್ಲಿ ಗೃಹಸ್ಥರಿಗೆ ಪರಿಗ್ರಹ ಪರಿಮಾಣ ಎಂಬ ವ್ರತವಿದೆ. ಎಲ್ಲ ಬಿಟ್ಟುಬಿಡಬೇಕು ಅನ್ನುವುದು ಮುನಿಗಳಿಗೆ; ಸಂಸಾರಸ್ಥರು ತಮಗೆಷ್ಟು ಸಾಕು ಅನ್ನುವ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು. ನನಗೆ ಹಿಡಿಸಿದ್ದು ಆ 'ತಾವೇ' ಅನ್ನುವ ಮಾತು. ನಾನು ಹಾಕಿಕೊಂಡ ಅಳತೆ ಆ ಡ್ರಾಯರ್: ತಡೆಯಿಲ್ಲದೆ ಎಳೆಯಲು ಬರಬೇಕು. ಅಟ್ಟದ ಮೇಲೆ ನನ್ನವರ ಒಂದು ಪೆಟ್ಟಿಗೆಯಿದೆ, ಅದನ್ನು ಮುಟ್ಟಿಲ್ಲ. ಅದರ ಅಳತೆ ಅವರು ಹಾಕಿಕೊಳ್ಳಬೇಕಾದದ್ದು.

ಮೊನ್ನೆ ನನಗೇ ಮೈ ಬೆಚ್ಚಗಾಗಿತ್ತು. ಏಳೋಣ ಅನ್ನುವಷ್ಟರಲ್ಲಿ ಡ್ರಾಯರ್ ಸರಿದ ಸದ್ದು ಕೇಳಿತು. ಮಗಳು ಥರ್ಮಾಮೀಟರ್ ತಂದು, "ಬಾಯಿ ತೆಗಿ ಅಮ್ಮಾ" ಅಂದಳು.