ಕೋಲು ಹಿಡಿದ ಅಣ್ಣ

ಇವತ್ತು ಶಿರಾ ದಾಟಿದ ಮೇಲೆ ಒಂದು ಊರಲ್ಲಿ ಮುಕ್ಕಾಲು ಗಂಟೆ ಸುಮ್ನೆ ನಿಂತಿದ್ದೆ. ಮುಂದೆ ಉದ್ದದ ಟ್ರೇಲರ್, ಅದರ ಮೇಲೆ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಚಕ್ರ ಎಣಿಸಲು ಹೋದೆ, ಅರವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.

ಕಣ್ಣು ಹೋಗಿದ್ದು ಮಾತ್ರ ಅದರ ನೆತ್ತಿಯ ಮೇಲಿದ್ದ ಅಣ್ಣನ ಕಡೆಗೆ. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಬಿದಿರು ಕೋಲು. ಕರೆಂಟ್ ತಂತಿ ಅಡ್ಡ ಬಂದಾಗೆಲ್ಲ ಕೋಲಿನಿಂದ ಮೇಲೆತ್ತಿ ಹಿಡಿದು, ಟ್ರೇಲರ್ ಇಂಚಿಂಚಾಗಿ ದಾಟಿದ ಮೇಲೆ ಮೆಲ್ಲಗೆ ಬಿಡುತ್ತಿದ್ದ. ಅಷ್ಟು ಹೊತ್ತೂ ಊರಿಗೆಲ್ಲ ಲೈನ್ ಆಫ್. "ಕರೆಂಟ್ ಕೊಡೋಕೆ ಬಂದೋರು ಇರೋ ಕರೆಂಟೂ ತೆಗೆದ್ರು ನೋಡಿ ಸಾರ್" ಅಂತ ಟೀ ಅಂಗಡಿಯವರು ನಕ್ಕರು.

ಯಾಕೋ ಎಲ್ ಅಂಡ್ ಟಿ ನೆನಪಾಯಿತು. ಈಗ ಗುಜರಾತಿನ ಹಜೀರಾದಲ್ಲಿ ಅಣು ಸ್ಥಾವರಗಳಿಗೆ ಸ್ಟೀಮ್ ಜನರೇಟರ್ ಮಾಡುವ ಕಂಪನಿ. 1938ರಲ್ಲಿ ಇಬ್ಬರು ಡೆನ್ಮಾರ್ಕ್ ಎಂಜಿನಿಯರ್‌ಗಳು ಮುಂಬೈಯಲ್ಲಿ ಶುರು ಮಾಡಿದಾಗ ಆಫೀಸು ಎಷ್ಟು ಚಿಕ್ಕದಿತ್ತೆಂದರೆ, ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗ ಇರಲಿಲ್ಲವಂತೆ. ಡೈರಿ ಯಂತ್ರ ತರಿಸಿ ಮಾರುತ್ತಿದ್ದರು. ಮಹಾಯುದ್ಧ ಬಂತು, ಆಮದು ನಿಂತಿತು, ಸರಿ, ಸಣ್ಣ ವರ್ಕ್‌ಶಾಪ್ ಹಾಕಿ ತಾವೇ ಮಾಡಲು ಕೂತರು, ಹಡಗು ರಿಪೇರಿಯನ್ನೂ ಬಿಡಲಿಲ್ಲ.

ದೊಡ್ಡ ಕಂಪನಿ ಅಂದರೆ ಪೇಪರಿನಲ್ಲಿ ಬರುವುದು ಆರ್ಡರ್ ಬುಕ್ (ಕೈಯಲ್ಲಿರುವ ಆರ್ಡರ್‌ಗಳ ಲೆಕ್ಕ) ಮಾತ್ರ ಅಲ್ವಾ. ಈ ಬಿದಿರು ಕೋಲನ್ನು ಯಾವ ಖಾತೆಯಲ್ಲಿ ಬರೆಯುತ್ತಾರೋ!

ಕೊನೆಗೂ ದಾರಿ ಬಿಟ್ಟರು. ಕನ್ನಡಿಯಲ್ಲಿ ನೋಡಿದರೆ ಅಣ್ಣ ಟ್ರಾನ್ಸ್‌ಫಾರ್ಮರ್ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ಕೋಲು ಪಕ್ಕದಲ್ಲೇ ಇತ್ತು.